ಕ್ಲಾಸಿನಲ್ಲಿ ಬಾಯಿ ಬಿಡಲೇಬೇಕಾ ಅಂತ ಕೇಳಿದ್ದೀಯ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಜರ್ಮನಿಯ ಡ್ರೆಸ್ಡೆನ್‌ಗೆ ಓದಲು ಬಂದು ಆರು ವಾರ ಆಯ್ತು ಅಂದಿದ್ದೀಯ. "ಅಣ್ಣಾ, ಇಲ್ಲಿ ಹಾಜರಿ ತೆಗೆಯುವವರೇ ಇಲ್ಲ. ಪ್ರೊಫೆಸರ್ ಪಾಠದ ಮಧ್ಯೆಯೇ ಎಲ್ಲರೂ ಪ್ರಶ್ನೆ ಕೇಳ್ತಾರೆ. ನನಗೆ ಬಾಯೇ ಬರಲ್ಲ. ರೂಮಿಗೆ ಬಂದು ರಾತ್ರಿ ಎರಡರವರೆಗೂ ಕೂತು ಓದ್ತೀನಿ. ಅಷ್ಟು ಸಾಕಲ್ವಾ?" ಜೊತೆಗೆ ಚಳಿ, ಪಾರ್ಟ್ ಟೈಮ್ ಕೆಲಸ, ಜರ್ಮನ್ ಭಾಷೆ ಬಗ್ಗೆಯೂ ಕೇಳಿದ್ದೀಯ.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಬೂಟಿನ ವಿಷಯದಲ್ಲಿ ದುಡ್ಡು ಉಳಿಸಬೇಡ. ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು, ಆದರೆ ಮೊದಲ ಸೆಮಿಸ್ಟರ್ ಬೇಡ. ಜರ್ಮನ್ ಕಲಿ, ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಕಲಿ.

ಇನ್ನು ಓದಿನ ಮಾತು. ಸಾಕಾಗುವುದಿಲ್ಲ ತಮ್ಮಾ. ನನಗೆ ಸಾಕಾಗಲಿಲ್ಲ.

ನಾನು ಬಂದಿದ್ದು 2009ರ ಅಕ್ಟೋಬರಿನಲ್ಲಿ. ಮೊದಲ ದಿನ ಪಾಠ ಮುಗಿದಾಗ ಎಲ್ಲರೂ ಬೆರಳಿನ ಗೆಣ್ಣಿನಿಂದ ಡೆಸ್ಕ್ ಕುಟ್ಟಿದರು. ಏನೋ ಗಲಾಟೆ ಅಂತ ಬೆಚ್ಚಿಬಿದ್ದೆ. ಅದು ಇವರ ಚಪ್ಪಾಳೆ. ನಮ್ಮಲ್ಲಿ ಕೈ ಎತ್ತಿ ಪ್ರಶ್ನೆ ಕೇಳಿದರೆ ಹಿಂದಿನ ಬೆಂಚಿನಿಂದ ಏನು ಕೇಳಿಸುತ್ತದೆ ಅಂತ ನಿನಗೂ ಗೊತ್ತು. ಹಾಗಾಗಿ ಸುಮ್ನೆ ಕೂತು ಬರೆದುಕೊಳ್ಳುತ್ತಿದ್ದೆ.

ಕಂಟ್ರೋಲ್ ಇಂಜಿನಿಯರಿಂಗ್‌ಗೆ ವಾರಕ್ಕೊಂದು ಲೆಕ್ಕದ ಹಾಳೆ. ಒಂದು ವ್ಯವಸ್ಥೆ ಹತೋಟಿಯಲ್ಲಿ ಸ್ಥಿರವಾಗಿ ಇರುತ್ತದಾ ಅಂತ ನೋಡಲು ಎಳೆಯುವ ನೈಕ್ವಿಸ್ಟ್ ರೇಖೆ −1 ಬಿಂದುವನ್ನು ಯಾವ ಕಡೆಯಿಂದ ಸುತ್ತಬೇಕು ಅನ್ನುವುದನ್ನು ನಾನು ಉಲ್ಟಾ ಬರೆದುಕೊಂಡಿದ್ದೆ. ಸುಲಭದ ಲೆಕ್ಕಗಳಲ್ಲಿ ರೇಖೆ ಆ ಬಿಂದುವನ್ನು ಸುತ್ತುತ್ತಲೇ ಇರಲಿಲ್ಲ, ಹಾಗಾಗಿ ಉತ್ತರ ಸರಿ ಬರುತ್ತಿತ್ತು. ಕಷ್ಟದ್ದು ತಪ್ಪಾದಾಗ, ನನ್ನ ಅಭ್ಯಾಸ ಸಾಲದು ಅಂದುಕೊಂಡು ಇನ್ನೂ ಇಪ್ಪತ್ತು ಲೆಕ್ಕ ಮಾಡುತ್ತಿದ್ದೆ. ಅದೇ ತಪ್ಪಿನ ಜೊತೆ.

ಫೆಬ್ರವರಿಯಲ್ಲಿ 5.0 ಬಂತು. ಇಲ್ಲಿ 1.0 ಅಂದರೆ ಎಲ್ಲಕ್ಕಿಂತ ಒಳ್ಳೆಯ ಅಂಕ, 5.0 ಅಂದರೆ ಫೇಲ್. ಬೇಸಿಗೆಯಿಡೀ ಹಠ ಹಿಡಿದು ಓದಿದೆ. ಮತ್ತೆ 5.0. ನನ್ನ ಕೋರ್ಸಿನಲ್ಲಿ ಇದ್ದದ್ದು ಮೂರೇ ಅವಕಾಶ. ಆಗ ಮೊದಲ ಸಲ ಉತ್ತರ ಪತ್ರಿಕೆ ನೋಡಲು ಹೋದೆ. ಅಸಿಸ್ಟೆಂಟ್ ಎರಡು ನಿಮಿಷ ನೋಡಿದರು, ಒಂದು ಚೀಟಿ ತಗೊಂಡು ಬಾಣದ ಗುರುತನ್ನು ತಿರುಗಿಸಿ ಬರೆದು ತೋರಿಸಿದರು. "ಪ್ರತಿ ಮಂಗಳವಾರ ಎರಡರಿಂದ ಮೂರು ಗಂಟೆ ನಾನು ಇಲ್ಲೇ ಕೂತಿರುತ್ತೇನಲ್ಲ" ಅಂದರು. ಬೈಯಲಿಲ್ಲ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಮೂರನೇ ಪರೀಕ್ಷೆ ಬಂದಿದ್ದು 2011ರ ಫೆಬ್ರವರಿಯಲ್ಲಿ, ತಂಗಿಯ ಮದುವೆಯ ದಿನವೇ. ಮುಹೂರ್ತ ಬೆಳಿಗ್ಗೆ ಹತ್ತೂವರೆಗೆ. ಇಲ್ಲಿ ಆಗ ಆರು ಗಂಟೆ, ಹೊರಗೆ ಕತ್ತಲೆ. ಹಾಸ್ಟೆಲ್ ಅಡುಗೆಮನೆಯಲ್ಲಿ ನೋಟ್ಸ್ ಹಿಡಿದು ನಿಂತಿದ್ದೆ. ಅವಳ ಕೈಗೆ ಅರಳು ಹಾಕಿದ್ದು ಚಿಕ್ಕಪ್ಪನ ಮಗ. ಪಾಸಾದೆ, 2.3 ಬಂತು. ಆದರೆ ಆ ಫೋಟೋ ನೋಡಿದಾಗಲೆಲ್ಲ ಒಂದು ಮಂಗಳವಾರವಾದರೂ ಹೋಗಬೇಕಿತ್ತು ಅನ್ನಿಸುತ್ತದೆ.

ಛಲದ ಬಗ್ಗೆ 2007ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಆಂಜೆಲಾ ಡಕ್‌ವರ್ತ್ ಮತ್ತು ಸಂಗಡಿಗರು ಬರೆದಾಗ ಎರಡು ಗುಣ ಹೇಳಿದ್ದರು: ಬಿಡದೆ ಶ್ರಮಪಡುವುದು, ಆಸಕ್ತಿಯನ್ನು ಮೇಲಿಂದ ಮೇಲೆ ಬದಲಿಸದೇ ಇರುವುದು. 2017ರಲ್ಲಿ ಫಿಲಿಪೀನ್ಸ್‌ನ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು ಮೂರನೆಯದನ್ನೂ ಸೇರಿಸಿತು, ಸನ್ನಿವೇಶಕ್ಕೆ ತಕ್ಕಂತೆ ಹೊಂದಿಕೊಳ್ಳುವುದು. ನನ್ನಲ್ಲಿ ಇಲ್ಲದೇ ಇದ್ದದ್ದು ಅದೇ.

ಕೂತು ಓದುವ ಅಭ್ಯಾಸ ಮಾತ್ರ ಬಿಡಬೇಡ. ಇಲ್ಲಿನವರು ಅದಕ್ಕೆ 'ಜಿಟ್ಸ್‌ಫ್ಲೈಶ್' ಅನ್ನುತ್ತಾರೆ, ಕೂರುವ ಮಾಂಸ ಅಂತ ಅರ್ಥ. ಅದು ನಮ್ಮ ಹುಡುಗರಿಗೆ ಜಾಸ್ತಿನೇ ಇದೆ, ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಲೆಕ್ಕದ ಹಾಳೆಯನ್ನು ಒಬ್ಬನೇ ಮುಗಿಸಬೇಡ. ಕ್ಲಾಸಿಗೆ ಹೋಗುವ ಮುಂಚೆ ಒಂದು ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೋ, ಬಾಯಿ ಕಟ್ಟಿದರೆ ನೋಡಿಕೊಂಡೇ ಓದು. ಯಾರೂ ನಗುವುದಿಲ್ಲ.

ಇನ್ನೊಂದು. ಕ್ಲಾಸಿಗೆ ಹೋದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರಿರುವುದಿಲ್ಲ. ಅದಕ್ಕೆ ಬೇರೆ ನೋಂದಣಿ ಇರುತ್ತದೆ, ಕೊನೇ ದಿನ ಯಾವಾಗ ಅಂತ ಇವತ್ತೇ ನೋಡು. ಮನೆಯಲ್ಲಿ ಯಾರದಾದರೂ ಮದುವೆ ಮಾತು ನಡೆಯುತ್ತಿದ್ದರೆ, ಪರೀಕ್ಷೆ ತಾರೀಖುಗಳನ್ನು ಈಗಲೇ ಅಮ್ಮನಿಗೆ ಹೇಳಿಬಿಡು.