ಹುತ್ತರಿಯ ದಿನ ಅಜ್ಜಿಯ ಮುಂದೆ ಕ್ಯಾಮೆರಾ ಇಡಬೇಡಿ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮನೆಮಂದಿಯೆಲ್ಲ ಸೇರುವಾಗ ತೊಂಬತ್ತರ ಅಜ್ಜಿಯನ್ನು ಕೂರಿಸಿ ಅವರ ಜೀವನಕಥೆ ವಿಡಿಯೋ ಮಾಡಬೇಕು, ಏನೇನು ಪ್ರಶ್ನೆ ಕೇಳಲಿ, ಯಾವ ಮೈಕ್ ಕೊಳ್ಳಲಿ ಅಂತ ಕೇಳಿದ್ದೀರಿ. ನಾನೂ ಕೊಡಗಿನವನೇ. ಇದನ್ನೇ ಮಾಡಿದವನು, ಅದೂ ಹುತ್ತರಿಯ ಮರುದಿನ.

ನಮ್ಮಜ್ಜಿಯ ತವರು ಸುಂಟಿಕೊಪ್ಪದ ಕಡೆ. ಹುಟ್ಟಿದ ತಾರೀಕು ಯಾರಿಗೂ ಗೊತ್ತಿರಲಿಲ್ಲ. ಆಧಾರ್‌ನಲ್ಲಿ ಆ ತಲೆಮಾರಿನ ಎಷ್ಟೋ ಜನರಿಗಿರುವಂತೆ ಜನವರಿ 1. ಆದರೆ ಗಾಂಧೀಜಿ ಅಲ್ಲೇ ಹತ್ತಿರದ ಗುಂಡುಕುಟ್ಟಿ ತೋಟಕ್ಕೆ ಬಂದಾಗ ತಾನು ತಾಯಿಯ ಹೊಟ್ಟೆಯಲ್ಲಿದ್ದೆ ಅನ್ನುತ್ತಿದ್ದರು. ಗಾಂಧೀಜಿ ಕೊಡಗಿಗೆ ಬಂದದ್ದು 1934ರ ಫೆಬ್ರವರಿಯಲ್ಲಿ. ನಮಗೆ ಅದೇ ಜಾತಕ. (ನಿಮ್ಮಜ್ಜಿಗೂ ನಿಜಕ್ಕೂ ತೊಂಬತ್ತೇನಾ ಅಂತ ಒಮ್ಮೆ ಹೀಗೆ ಲೆಕ್ಕ ಹಾಕಿ ನೋಡಿ.)

ಪ್ರಶ್ನೆಗಳ ಪಟ್ಟಿ ನನ್ನ ಹತ್ತಿರವೂ ಇತ್ತು. ಬಾಲ್ಯ, ಮದುವೆ, ಅಜ್ಜ ತೀರಿಕೊಂಡ ಮೇಲಿನ ದಿನಗಳು, ಎಲ್ಲ ವರುಷದ ಕ್ರಮದಲ್ಲಿ. ನಡುಮನೆಯ ತೂಗುದೀಪದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆ. ಸುತ್ತ ದೊಡ್ಡಪ್ಪ, ಚಿಕ್ಕಪ್ಪಂದಿರು, ಅತ್ತೆಯರು, ಅಜ್ಜನ ತಮ್ಮನ ಮಕ್ಕಳು, ಸೊಸೆಯರು. ಕೊಡಗು ಬೇರೆ ರಾಜ್ಯವಾಗಿದ್ದದ್ದು, 1956ರಲ್ಲಿ ಮೈಸೂರಿಗೆ ಸೇರಿದ್ದು, 2018ರಲ್ಲಿ ಗುಡ್ಡ ಜರಿದದ್ದು, ಊರಿಗೆಲ್ಲ ಗೊತ್ತಿರುವ ಇಂಥದನ್ನು ಧಾರಾಳವಾಗಿ ಹೇಳಿದರು. ಅಜ್ಜ ಹೋದ ಮೇಲೆ ತೋಟ ಹೇಗೆ ನಡೆಸಿದಿರಿ ಅಂದರೆ, ಅಜ್ಜನ ತಮ್ಮನ ಮಕ್ಕಳ ಕಡೆ ಒಮ್ಮೆ ನೋಡಿ, ‘ಇವರ ಅಪ್ಪ ಎಲ್ಲ ನೋಡಿಕೊಂಡರು, ಏನೂ ತೊಂದರೆ ಆಗಲಿಲ್ಲ’ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಪ್ರಶ್ನೆ ಸರಿ ಇರಲಿಲ್ಲವೇನೋ ಅಂತ ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಉತ್ತರ ಬರುತ್ತಿರಲಿಲ್ಲ. ಸುತ್ತ ಕೂತಿದ್ದವರೆಲ್ಲ ಅಜ್ಜಿಯ ಕಥೆಯೊಳಗಿನವರೇ. ಯಾರದೋ ಅಪ್ಪ ಅವರಿಗೆ ಅನ್ಯಾಯ ಮಾಡಿದ್ದ, ಯಾರದೋ ಫೀಸನ್ನು ಅವರು ಗುಟ್ಟಾಗಿ ಕಟ್ಟಿದ್ದರು, ಯಾರ ಮದುವೆಯೋ ಅವರ ಒಂದು ಸುಳ್ಳಿನಿಂದ ಉಳಿದಿತ್ತು. ಮರುದಿನ ಬೆಳಿಗ್ಗೆ ಅವರಿಗೆಲ್ಲ ಕಾಫಿ ಕೊಡಬೇಕಾದವರು ಅಜ್ಜಿಯೇ. ಕೆಲವು ಮಾತು ನುಂಗಿಕೊಂಡೇ ಅವರು ಅಷ್ಟು ವರ್ಷ ಆ ಮನೆ ಒಡೆಯದಂತೆ ಹಿಡಿದಿದ್ದರು. ನಾನು ಹೋಗಿ ಆ ಮಾತುಗಳನ್ನೇ, ಆ ಜನರ ಎದುರಿಗೇ, ಕ್ಯಾಮೆರಾ ನೋಡಿಕೊಂಡು ಹೇಳಿ ಅಂದೆ! ಇನ್ನೊಂದು, ಗಂಡಸರು ಕೂತಿರುವಾಗ ಅವರು ನಡುಮನೆಯಲ್ಲಿ ಕುರ್ಚಿ ಹಾಕಿ ಕೂತದ್ದನ್ನು ಅದಕ್ಕೂ ಮೊದಲು ನಾನು ನೋಡೇ ಇರಲಿಲ್ಲ. ಅವರ ಜಾಗ ಒಲೆಯ ಪಕ್ಕ. ಕುರ್ಚಿಯಲ್ಲಿ ನೆಂಟರ ಹಾಗೆ ಕೂತರು, ನೆಂಟರ ಹಾಗೇ ಮಾತಾಡಿದರು.

ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ತಿಥಿಯ ದಿನ ಹಿಂದಿನ ಕೊಟ್ಟಿಗೆಯ ಹತ್ತಿರ ಪಾತ್ರೆ ತೊಳೆಯುತ್ತ ಲೈನ್‌ಮನೆಯ (ತೋಟದ ಆಳುಗಳ ಸಾಲುಮನೆಯ) ಒಬ್ಬ ಮುದುಕಿ ನನಗೆ ಹೇಳಿದ್ದು ಇದು. ಅಜ್ಜ ಹೋದಾಗ ನಮ್ಮ ಚಿಕ್ಕಪ್ಪನಿಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ತೋಟವನ್ನು ಗುತ್ತಿಗೆಗೆ ಕೊಟ್ಟುಬಿಡು ಅಂತ ಮೈದುನನ ಒತ್ತಾಯ. ಆಗ ಕಾಫಿಗೆ ಪೂಲ್ ಪದ್ಧತಿ, ಅಂದರೆ ಮಾರಾಟವೆಲ್ಲ ಕಾಫಿ ಮಂಡಳಿಯ ಕೈಯಲ್ಲಿ. ಬೇಕಾದ ವ್ಯಾಪಾರಿಗೆ ಮಾರುವ ಹಾಗಿಲ್ಲ, ಬೆಳೆದದ್ದನ್ನೆಲ್ಲ ಪೂಲ್‌ಗೆ ಒಪ್ಪಿಸಬೇಕು, ಹಣ ಕಂತು ಕಂತಾಗಿ ಬರುವುದು. ನಡುವೆ ಕೈಗೆ ನಗದು ಕೊಡುತ್ತಿದ್ದದ್ದು ಕಿತ್ತಳೆ ಮತ್ತು ಏಲಕ್ಕಿ. ಒಂದು ವರ್ಷ ಎರಡೂ ಕೈಕೊಟ್ಟವು. ಬಟವಾಡೆಗೆ ದುಡ್ಡಿಲ್ಲ, ಆಳುಗಳು ಬೇರೆ ತೋಟಕ್ಕೆ ಹೊರಟು ನಿಂತಿದ್ದರು. ಓಂಕಾರೇಶ್ವರನಿಗೆ ಹರಕೆ ಅಂತ ಮನೆಯಲ್ಲಿ ಹೇಳಿ, ಅಜ್ಜಿ ಇದೇ ಹೆಂಗಸನ್ನು ಕರೆದುಕೊಂಡು ಬಸ್ಸಿನಲ್ಲಿ ಮಡಿಕೇರಿಗೆ ಹೋಗಿ ಒಡವೆಯನ್ನೆಲ್ಲ ಗಿರವಿ ಇಟ್ಟರಂತೆ. ನಮ್ಮ ಕಡೆ ಕೊಡಗಿನ ಗೌರಮ್ಮ ಗೊತ್ತಿಲ್ಲದವರಿಲ್ಲ: ಉಪವಾಸ ಕೂತು ಗಾಂಧೀಜಿಯನ್ನು ಮನೆಗೆ ಬರಮಾಡಿಕೊಂಡು ಹರಿಜನ ನಿಧಿಗೆ ಒಡವೆ ಕೊಟ್ಟವರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಜ್ಜಿ, ‘ಗೌರಮ್ಮ ಗಾಂಧಿಗೆ ಕೊಟ್ಟರು, ನಾನು ಬಟವಾಡೆಗೆ ಕೊಟ್ಟೆ’ ಅಂತ ನಕ್ಕರಂತೆ.

ಒಡವೆ ಬಿಡಿಸಿಕೊಂಡರಾ? ಯಾವಾಗ? ಮೈದುನನಿಗೆ ಗೊತ್ತಾಯಿತಾ? ಆ ಹೆಂಗಸಿಗೂ ಗೊತ್ತಿಲ್ಲ. ಗೊತ್ತಿದ್ದ ಒಬ್ಬರೇ ಒಬ್ಬರು ನನ್ನ ವಿಡಿಯೋದಲ್ಲಿ ‘ಏನೂ ತೊಂದರೆ ಆಗಲಿಲ್ಲ’ ಅನ್ನುತ್ತಿದ್ದಾರೆ.

ಹಾಗಾಗಿ ಪಟ್ಟಿ ಹರಿದುಹಾಕಿ. ಹುತ್ತರಿವರೆಗೆ ಕಾಯಲೂ ಬೇಡಿ. ಈಗಲೇ, ಮಳೆ ಇರುವಾಗಲೇ, ಒಬ್ಬರೇ ಹೋಗಿ. ಕಣಿಲೆ (ಎಳೆ ಬಿದಿರು) ಹೆಚ್ಚುವ ಕಾಲ. ತೆಳ್ಳಗೆ ಹೆಚ್ಚಬೇಕು, ದಿನಾ ನೀರು ಬದಲಿಸಿ ನೆನೆಸಬೇಕು, ಕಹಿ ಬಿಡುವವರೆಗೆ ಎರಡು ಮೂರು ದಿನದ ಕೆಲಸ ಇದ್ದೇ ಇದೆ. ನೀವೂ ಒಂದು ಕತ್ತಿ ಹಿಡಿದು ಪಕ್ಕದಲ್ಲಿ ಕೂರಿ. ರೆಕಾರ್ಡ್ ಮಾಡುತ್ತೇನೆ ಅಂತ ಹೇಳಿಯೇ ಫೋನ್ ಇಡಿ, ಕದ್ದು ಬೇಡ. ಅರ್ಧ ಗಂಟೆಯಲ್ಲಿ ಅವರೇ ಮರೆಯುತ್ತಾರೆ. ‘ನಿಮ್ಮ ಜೀವನ ಹೇಗಿತ್ತು’ ಅಂತ ಮಾತ್ರ ಕೇಳಬೇಡಿ, ಆ ಪ್ರಶ್ನೆಗೆ ಯಾರಿಗೂ ಉತ್ತರ ಗೊತ್ತಿಲ್ಲ. ಅಟ್ಟದ ಮೇಲಿನ ಪೆಟ್ಟಿಗೆ ಯಾರದು, ಈ ಬಳೆ ಎಲ್ಲಿಯದು, ಈ ಗದ್ದೆಗೆ ಈ ಹೆಸರು ಯಾಕೆ, ಇಂಥದ್ದು ಕೇಳಿ. ಮನೆಯವರ ವಿಷಯ ಬಂದಾಗ ‘ಇದನ್ನು ಯಾರಿಗೂ ಹೇಳಬೇಡ’ ಅಂದರೆ ಹೇಳಬೇಡಿ. ಆಮೇಲೆ ಅವರ ಜೊತೆ ದುಡಿದವರ ಮನೆಗೂ ಹೋಗಿ, ಅವರಿಗೂ ವಯಸ್ಸಾಗಿದೆ.

ಮೈಕ್ ವಿಷಯಕ್ಕೆ ಬಂದರೆ, ಫೋನಿನದೇ ಸಾಕು. ತಗಡಿನ ಶೀಟಿನ ಕೆಳಗೆ ಮಾತ್ರ ಕೂರಬೇಡಿ, ಮಳೆ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಹುತ್ತರಿಯ ವಿಡಿಯೋನೂ ಮಾಡಿ, ಬೇಡ ಅನ್ನುವುದಿಲ್ಲ. ಅಜ್ಜಿ ತಂಬಿಟ್ಟು ಕಲಸುವುದು, ಕದಿರು ಮನೆಗೆ ಬರುವುದು ನೋಡಲು ಚೆಂದ. ಅದಕ್ಕಂತೂ ಮೈಕೇ ಬೇಡ, ‘ಪೊಲಿ ಪೊಲಿ ದೇವಾ’ ಕೂಗಿನಲ್ಲಿ ಯಾರ ಮಾತೂ ಕಿವಿಗೆ ಬೀಳುವುದಿಲ್ಲ.