ಒಂದು ಕಂಪನಿ ನಮ್ಮ ಕೋಡ್ ತಿದ್ದಿ ಮಾರುತ್ತಿದೆ, ತಿದ್ದಿದ್ದನ್ನು ವಾಪಸ್ ಕೊಡುತ್ತಿಲ್ಲ

ತೊಡಕು ಬಹುಶಃ ನಿಮ್ಮ ಜಿಪಿಎಲ್ ಲೈಸೆನ್ಸ್‌ನಲ್ಲೇ ಇದೆ. ಯಾರು ಬೇಕಾದರೂ ಕೋಡ್ ಬಳಸಿ ತಿದ್ದಬಹುದು ಅನ್ನುವ ಮುಕ್ತ ಪರವಾನಗಿ ಅದು. ಆದರೆ ತಂತ್ರಾಂಶದ ಪ್ರತಿ ಬೇರೆಯವರ ಕೈಗೆ ಹೋದಾಗ ಮಾತ್ರ ಅದು ಸೋರ್ಸ್ (ಮೂಲ ಕೋಡ್) ಕೊಡಿ ಅನ್ನುತ್ತದೆ. ಹಾಲಿನ ಸಂಘಕ್ಕೆಂದು ನೀವು ಐದು ಜನ ಬರೆದ ಲೆಕ್ಕದ ತಂತ್ರಾಂಶವನ್ನು ಆ ಕಂಪನಿ ತಿದ್ದಿ, ತನ್ನ ಸರ್ವರ್‌ನಲ್ಲೇ ಓಡಿಸಿ ತಿಂಗಳ ಬಾಡಿಗೆಗೆ ಕೊಟ್ಟರೆ ಪ್ರತಿ ಯಾರ ಕೈಗೂ ಹೋಗಲಿಲ್ಲ, ಅಲ್ವಾ? ಈ ಕಿಂಡಿ ಮುಚ್ಚುವ ಲೈಸೆನ್ಸ್ ಎಜಿಪಿಎಲ್ 3 ಬಂದಿದ್ದು 2007ರಲ್ಲಿ. ತಿದ್ದಿದ್ದನ್ನು ಸರ್ವರ್‌ನಲ್ಲಿ ಓಡಿಸಿದರೂ ಬಳಸುವವರಿಗೆ ಸೋರ್ಸ್ ಕೊಡಿ ಅನ್ನುತ್ತದೆ ಅದು. ನಾವೂ ಅದಕ್ಕೇ ಬದಲಾದೆವು.

ಲೈಸೆನ್ಸ್ ಬದಲಿಸಲು ಕೋಡ್ ಬರೆದ ಎಲ್ಲರ ಒಪ್ಪಿಗೆ ಬೇಕು. ಮೊದಲು ‘ಗಿಟ್ ಶಾರ್ಟ್‌ಲಾಗ್’ (ಕೋಡ್ ಬರೆದವರ ಪಟ್ಟಿ ತೋರಿಸುವ ಕಮಾಂಡ್) ಓಡಿಸಿ, ಒಂದೇ ಸಾಲು ತಿದ್ದಿದವರ ಹೆಸರನ್ನೂ ಬರೆದುಕೊಳ್ಳಿ. ಎಲ್ಲರಿಂದ ಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ, ಬಾಯಿಮಾತು ಸಾಲದು. ಯಾರಾದರೂ ಆಫೀಸ್ ಕೆಲಸದ ನಡುವೆ ಬರೆದಿದ್ದರೆ ಹಕ್ಕು ಆ ಆಫೀಸಿನದ್ದೂ ಆಗಿರಬಹುದು, ವಿಚಾರಿಸಿ. ಒಪ್ಪದವರ ಭಾಗವನ್ನು ಹೊಸದಾಗಿ ಬರೆಯಿರಿ. ಆಮೇಲೆ ಲೈಸೆನ್ಸ್ ಫೈಲ್ ಬದಲಿಸಿ, ಲಾಗಿನ್ ಪುಟದ ಕೆಳಗೆ ಸೋರ್ಸ್ ಲಿಂಕ್ ಹಾಕಿ. ಆ ಕಂಪನಿ ಬಳಿ ಇರುವ ಹಳೇ ಆವೃತ್ತಿ ಜಿಪಿಎಲ್‌ನಲ್ಲೇ ಉಳಿಯುತ್ತದೆ, ಹೊಸ ಷರತ್ತು ಮುಂದಿನ ಆವೃತ್ತಿಗೆ ಮಾತ್ರ.