ಭಾನುವಾರ ದಾಟಿದ ಮೇಲೆ

ಶಿರ್ವ ಕಡೆಯ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಗಂಡ ಕತಾರಿನಲ್ಲಿ. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಉಡುಪಿಯ ಬ್ಯಾಂಕೊಂದರಲ್ಲಿ ಕೆಲಸ. ಅವರ ಮಾತನ್ನು ಅವರ ಬಾಯಲ್ಲೇ ಕೇಳಿ:

"ಚಿಕ್ಕವಳಿದ್ದಾಗ ಸಿಸ್ಟರ್ ಆಗಬೇಕೆಂದಿದ್ದೆ. ಆಗಲಿಲ್ಲ. ಈಗ ರಾತ್ರಿ ತೇರ್ಸ್ (ಜಪಸರದ ಪ್ರಾರ್ಥನೆ) ಹೇಳಲು ಕೂತರೆ ಮೂರನೆಯ ರಹಸ್ಯಕ್ಕೆ ಬರುವಷ್ಟರಲ್ಲಿ ಕಣ್ಣು ಮುಚ್ಚಿಹೋಗುತ್ತದೆ, ಮಗಳು ಅಲುಗಿಸಿ ಎಬ್ಬಿಸುತ್ತಾಳೆ. ನಮ್ಮ ವಾಳೆಯ (ಇಗರ್ಜಿಯ ವಾರ್ಡಿನ) ಗೆಳತಿಯರು ವರ್ಷ ವರ್ಷ ರಿಟ್ರೀಟಿಗೆ (ಕೆಲವು ದಿನದ ಧ್ಯಾನಕೂಟಕ್ಕೆ) ಹೋಗಿಬರುತ್ತಾರೆ. ಲೋಕದ ಗದ್ದಲ ಬಿಡದೆ ದೇವರು ಸಿಗುವುದಿಲ್ಲ ಎಂದು ಅವರು ಹೇಳುವಾಗ ನನಗೆ ಉತ್ತರ ಹೊಳೆಯುವುದಿಲ್ಲ. ಈ ಮೊಬೈಲು, ಈ ಟಾರ್ಗೆಟ್ಟು, ಈ ಓಟದ ನಡುವೆ ಕ್ಯಾಥೊಲಿಕಳಾಗಿ ಪವಿತ್ರವಾಗಿ ಬಾಳುವುದು ನನ್ನಂಥವಳಿಗೆ ಸಾಧ್ಯವೇ?"

ಮೂರೂ ಪುಟ ಇದೇ ಅಳಲು. ಸಹಿ ಮಾಡಿದ ಮೇಲೆ, ಕಾಗದದ ಅಡಿಯಲ್ಲಿ ಉಳಿದ ಜಾಗದಲ್ಲಿ ಐದು ಸಾಲು ಸೇರಿಸಿದ್ದಾರೆ: "ಇದು ಬೇರೆ ವಿಷಯ. ಶಂಕರಪುರದ ಒಬ್ಬ ವಿಧವೆ ಮಲ್ಲಿಗೆ ಮಾರಿ ಕೂಡಿಸಿದ ದುಡ್ಡನ್ನು ಎಫ್‌ಡಿ ಇಡಲು ತಂದಿದ್ದರು. ಮೇಲಿನವರ ಒತ್ತಾಯಕ್ಕೆ ನಾನು ಅವರಿಂದ ವಿಮೆ ಪಾಲಿಸಿ ಮಾಡಿಸಿದೆ. ವರ್ಷ ವರ್ಷ ಕಂತು ಕಟ್ಟಬೇಕೆಂದು ಅವರಿಗೆ ಗೊತ್ತಿದೆಯೋ ಇಲ್ಲವೋ. ಮನಸ್ಸಿಗೆ ಸರಿ ಕಾಣುವುದಿಲ್ಲ. ಆದರೆ ಅದು ಆಫೀಸಿನ ವಿಷಯ ಬಿಡಿ."

ಬಿಡಲಾರೆ ತಾಯಿ. ನೀವು ಬರೆದ ಪತ್ರ ಆ ಐದೇ ಸಾಲು. ಮೇಲಿನ ಮೂರು ಪುಟದಲ್ಲಿ ಹುಡುಕುತ್ತಿರುವುದನ್ನು ನೀವು ಕೆಳಗೆ ಬರೆದು, ಬೇರೆ ವಿಷಯ ಎಂದು ಪಕ್ಕಕ್ಕಿಟ್ಟಿದ್ದೀರಿ.

ನಿದ್ದೆಯ ಮಾತನ್ನು ಮೊದಲು ಮುಗಿಸೋಣ. ಫ್ರಾನ್ಸಿನ ಲಿಸ್ಯೂವಿನ ಸಂತ ತೆರೇಸಾ ಕಾರ್ಮೆಲ್ ಮಠದೊಳಗೇ ಇದ್ದವಳು. ಅತ್ತೆ, ಮಕ್ಕಳು, ಬ್ಯಾಂಕು ಯಾವುದರ ಗೋಜೂ ಇರಲಿಲ್ಲ. ಅವಳೂ ಧ್ಯಾನದ ಹೊತ್ತಿನಲ್ಲಿ ವರ್ಷಗಟ್ಟಲೆ ತೂಕಡಿಸಿದಳು. ಅದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಳು: ಮಕ್ಕಳು ಎಚ್ಚರವಿದ್ದರೂ ಮಲಗಿದ್ದರೂ ಹೆತ್ತವರಿಗೆ ಅಷ್ಟೇ ಮುದ್ದು. 1997ರಲ್ಲಿ ಧರ್ಮಸಭೆ ಈ ತೂಕಡಿಸುವ ಹುಡುಗಿಗೆ ಧರ್ಮಸಭೆಯ ಆಚಾರ್ಯೆ ಎಂಬ ಪದವಿ ಕೊಟ್ಟಿತು. ಅತ್ತೆಯ ಮೈ ಒರೆಸಿ, ಬಟ್ಟೆ ಬದಲಿಸಿ, ಮಕ್ಕಳ ಲೆಕ್ಕ ತಿದ್ದಿ ಜಪಸರ ಹಿಡಿದವಳಿಗೆ ನಿದ್ದೆ ಬಂದರೆ ದೇವರಿಗೆ ಏನೂ ಬೇಸರವಿಲ್ಲ.

ರಿಟ್ರೀಟಿನ ಬಗ್ಗೆಯೂ ಒಂದು ಮಾತು. ಹೋಗುವವರು ಹೋಗಲಿ. ಮುಳ್ಕಿಯ, ಕೇರಳದ ಮುರಿಂಗೂರಿನ ಧ್ಯಾನಕೇಂದ್ರಗಳಲ್ಲಿ ಕೂತು ಕುಡಿತ ಬಿಟ್ಟವರನ್ನು, ಮುರಿದ ಸಂಸಾರ ಜೋಡಿಸಿಕೊಂಡವರನ್ನು ನಾನು ಬಲ್ಲೆ. ಅತ್ತೂರಿನ ಜಾತ್ರೆ, ಬಿಕರ್ನಕಟ್ಟೆಯ ಬಾಲಯೇಸುವಿನ ನೊವೆನಾ ಯಾವುದೂ ಬೇಡವೆನ್ನುವುದಿಲ್ಲ. ಆದರೆ ಲೋಕ ಬಿಡದೆ ದೇವರು ಸಿಗುವುದಿಲ್ಲ ಎಂಬ ಮಾತನ್ನು ನಿಮ್ಮ ಗೆಳತಿಯರು ಎಲ್ಲಿಂದ ತಂದರೋ, ಶುಭಸಂದೇಶದಿಂದಂತೂ ತಂದಿಲ್ಲ.

ಲೂಕನ ಮೂರನೆಯ ಅಧ್ಯಾಯ ತೆಗೆಯಿರಿ. ಸ್ನಾನಿಕ ಯೊವಾನ್ನ ಸ್ವತಃ ಮರುಭೂಮಿಯಲ್ಲಿ ಬದುಕಿದವನು, ಲೋಕ ಬಿಡಿ ಎಂದು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅವನಿಗಿತ್ತು. ಅವನ ಬಳಿ ಸುಂಕದವರು ಬಂದು, ನಾವೇನು ಮಾಡಬೇಕು ಎಂದು ಕೇಳಿದರು. ಸುಂಕದ ಕಟ್ಟೆ ಬಿಟ್ಟು ನನ್ನ ಹಿಂದೆ ಬನ್ನಿ ಎನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ. ಸೈನಿಕರು ಕೇಳಿದರು. ಯಾರನ್ನೂ ಹೆದರಿಸಿ ಸುಲಿಯಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದ. ಅದೇ ಲೂಕನ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಸುಂಕದವರ ಮುಖ್ಯಸ್ಥ ಜಕ್ಕಾಯನ ಮನೆಗೆ ರಕ್ಷಣೆ ಬಂದದ್ದು ಅವನು ಯೇಸುವನ್ನು ನೋಡಲು ಮರ ಹತ್ತಿದ್ದಕ್ಕಲ್ಲ. ಮೋಸದಿಂದ ಪಡೆದದ್ದಿದ್ದರೆ ನಾಲ್ಕರಷ್ಟು ವಾಪಸು ಕೊಡುತ್ತೇನೆ ಎಂದಾಗ.

ಇನ್ನೂ ಹಿಂದಕ್ಕೆ ಹೋಗಿ. ನಾನು ಪವಿತ್ರನಾಗಿರುವಂತೆ ನೀವೂ ಪವಿತ್ರರಾಗಿರಿ ಎಂದು ದೇವರು ಅಪ್ಪಣೆ ಕೊಡುವ, ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯವನ್ನು ನಮ್ಮಲ್ಲಿ ಎಷ್ಟು ಜನ ಪೂರ್ತಿ ಓದಿದ್ದಾರೆ? ಆ ಅಪ್ಪಣೆಯ ಹಿಂದೆಯೇ ಏನೇನಿದೆ ನೋಡಿ. ಹೊಲದ ಅಂಚಿನ ತೆನೆ ಕೊಯ್ಯಬೇಡ, ಬಡವರಿಗೆ ಬಿಡು. ಕೂಲಿಯವನ ಸಂಬಳ ಬೆಳಗಾಗುವ ತನಕ ನಿನ್ನ ಬಳಿ ಇಟ್ಟುಕೊಳ್ಳಬೇಡ. ನರೆಗೂದಲಿನವರ ಮುಂದೆ ಎದ್ದು ನಿಲ್ಲು. ತಕ್ಕಡಿ, ತೂಕದ ಕಲ್ಲು, ಅಳತೆ ಸರಿಯಿರಲಿ. ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬೇಡ. ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುವ ಮುದುಕಿಯ ಮುಂದೆ ಇಂಗ್ಲಿಷಿನ ಕಾಗದದ ಕಟ್ಟು ಇಟ್ಟು, ಇಲ್ಲಿ ಸಹಿ ಹಾಕಿ ಎನ್ನುವುದು ಆ ಎಡವುಗಲ್ಲಲ್ಲದೆ ಮತ್ತೇನು? ನೀವು ಕೇಳಿದ ಪಾವಿತ್ರ್ಯವೂ ನೀವು ಬಿಡಿ ಎಂದ ಆಫೀಸಿನ ವಿಷಯವೂ ದೇವರ ಗ್ರಂಥದಲ್ಲಿ ಒಂದೇ ಅಧ್ಯಾಯದಲ್ಲಿವೆ.

ಇದು ಇಂದಿನ ಹೊಸ ಬೋಧನೆ ಎಂದು ಯಾರಾದರೂ ಮೂಗು ಮುರಿದರೆ ಅವರಿಗೆ ಜಿನೀವದ ಬಿಷಪ್ ಸಂತ ಫ್ರಾನ್ಸಿಸ್ ದೆ ಸಾಲ್ಸ್‌ರ ಮಾತು ತೋರಿಸಿ. ಸೈನಿಕರ ದಂಡಿನಿಂದ, ಕುಶಲಕರ್ಮಿಯ ಅಂಗಡಿಯಿಂದ, ಸಂಸಾರಿಗಳ ಮನೆಯಿಂದ ಭಕ್ತಿಯನ್ನು ಹೊರಗಟ್ಟುವುದು ತಪ್ಪು ಬೋಧನೆ ಎಂದು ಅವರು 1609ರಲ್ಲೇ ಬರೆದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ಧರ್ಮಸಭೆಯ ಸಂವಿಧಾನದಲ್ಲಿ ಇಡೀ ಐದನೆಯ ಅಧ್ಯಾಯವನ್ನು ಇದಕ್ಕೇ ಮೀಸಲಿಟ್ಟಿತು: ಪಾವಿತ್ರ್ಯದ ಕರೆ ಪಾದ್ರಿಗಳಿಗೆ, ಸಿಸ್ಟರುಗಳಿಗೆ ಮಾತ್ರವಲ್ಲ, ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ. ಪೋಪ್ ಫ್ರಾನ್ಸಿಸ್ 2018ರಲ್ಲಿ ನೆರೆಮನೆಯ ಸಂತರು ಎಂದದ್ದು ಮಕ್ಕಳನ್ನು ಪ್ರೀತಿಯಿಂದ ಬೆಳೆಸುವವರನ್ನು, ಮನೆಗೆ ಅನ್ನ ತರಲು ದುಡಿಯುವವರನ್ನು. 2015ರ ಅಕ್ಟೋಬರಿನಲ್ಲಿ ಲೂಯಿ ಮತ್ತು ಜೆಲಿ ಮಾರ್ಟಿನ್ ದಂಪತಿಯನ್ನು ಒಟ್ಟಿಗೇ ಸಂತರೆಂದು ಸಾರಿದರು. ಇವರು ನಮ್ಮ ತೂಕಡಿಸುವ ತೆರೇಸಾಳ ಅಪ್ಪ ಅಮ್ಮ. ಅವನದು ಗಡಿಯಾರದ ಅಂಗಡಿ, ಅವಳದು ಲೇಸ್ ನೇಯಿಸುವ ವ್ಯಾಪಾರ. ಜೆಲಿಯ ಪತ್ರಗಳಲ್ಲಿ ಗಿರಾಕಿಯ ಆರ್ಡರಿನ ಚಿಂತೆಯೂ ಇದೆ, ಮಕ್ಕಳ ಜ್ವರದ ಚಿಂತೆಯೂ ಇದೆ, ಬಹಳಷ್ಟು ನಿಮ್ಮ ಪತ್ರದ ಹಾಗೆಯೇ.

ದೂರದ ಫ್ರಾನ್ಸ್ ಏಕೆ, ಮಂಗಳೂರಿಗೇ ಬನ್ನಿ. 1870ರಲ್ಲಿ ಇಲ್ಲಿ ಕಾರ್ಮೆಲ್ ಮಠ ಸ್ಥಾಪಿಸಲು ಬಂದ ಸಿಸ್ಟರುಗಳ ಜೊತೆ ಗೆಲಿಲಾಯದ ಒಬ್ಬ ಅರಬ್ ಹುಡುಗಿ ಇದ್ದಳು, ಮರಿಯಂ ಬವಾರ್ದಿ. ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಅಲೆಕ್ಸಾಂಡ್ರಿಯ, ಬೈರೂತ್, ಮಾರ್ಸೇಗಳಲ್ಲಿ ಪರರ ಮನೆಗೆಲಸ ಮಾಡಿ ಬೆಳೆದವಳು. 1871ರ ನವೆಂಬರಿನಲ್ಲಿ ಮಂಗಳೂರಿನಲ್ಲಿಯೇ ವ್ರತ ಸ್ವೀಕರಿಸಿದಳು. ಇಲ್ಲಿಯ ಹಿರಿಯರು ಅವಳನ್ನು ಶಂಕಿಸಿ ಮರುವರ್ಷ ಫ್ರಾನ್ಸಿಗೆ ಹಿಂದೆ ಕಳಿಸಿದರು. ಕೊನೆಗೆ ಬೆತ್ಲೆಹೇಮಿನಲ್ಲಿ ಮಠ ಕಟ್ಟುತ್ತಿದ್ದ ಕೂಲಿಗಳಿಗೆ ಕುಡಿಯಲು ನೀರು ಒಯ್ಯುವಾಗ ಬಿದ್ದು, ಆ ಗಾಯ ಕೊಳೆತು, 1878ರಲ್ಲಿ ಮೂವತ್ತೆರಡನೆಯ ವಯಸ್ಸಿಗೆ ತೀರಿಕೊಂಡಳು. 2015ರ ಮೇ 17ರಂದು ಅವಳನ್ನು ಸಂತಳೆಂದು ಘೋಷಿಸಿದರು. ನಮ್ಮೂರಿನ ಮಣ್ಣು ತುಳಿದ ಸಂತಳ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ ಎಂಬುದು ನನಗೆ ನಿಜವಾದ ನೋವು. ಅವಳಿಗೆ ದರ್ಶನಗಳಾದವು, ಯೇಸುವಿನ ಪಂಚಗಾಯಗಳು ಮೈಮೇಲೆ ಮೂಡಿದವು ಎಂದು ಗೊತ್ತಿದ್ದವರು ಹೇಳುತ್ತಾರೆ. ನನ್ನ ಮನಸ್ಸು ಹೋಗುವುದು ಆ ನೀರಿನ ಕೊಡದ ಕಡೆಗೆ. ಬಾಯಾರಿದ ಕೂಲಿಯವನು ಅವಳಿಗೆ ಬೇರೆ ವಿಷಯ ಆಗಿರಲಿಲ್ಲ.

ಕುಲಶೇಖರದಲ್ಲಿ ಒಬ್ಬ ಟೈಲರ್ ಇದ್ದರು. ಬಟ್ಟೆ ಹೊಲಿದು ಉಳಿದ ತುಂಡನ್ನು, ಅದು ಕರವಸ್ತ್ರದಷ್ಟೇ ಇರಲಿ, ಮಡಚಿ ಅಂಗಿಯ ಜೊತೆಗೇ ಕೊಡುತ್ತಿದ್ದರು. ಇಷ್ಟು ಚೂರು ನನಗೇಕೆ ಎಂದು ಗಿರಾಕಿಗಳು ನಕ್ಕರೆ, ಬಟ್ಟೆ ನಿಮ್ಮದಲ್ಲವೇ ಎನ್ನುತ್ತಿದ್ದರು. ಹೇಳಿದ ದಿನಕ್ಕೆ ಹೊಲಿದು ಕೊಡುತ್ತಿದ್ದರು. ಕೆಲಸ ಕಲಿಯಲು ಬಂದ ಹುಡುಗರಿಗೆ ಶನಿವಾರ ಸಂಜೆ ಕೂಲಿ ಕೊಟ್ಟ ಮೇಲೆಯೇ ಅಂಗಡಿಯ ಬಾಗಿಲು ಹಾಕುತ್ತಿದ್ದರು. ಅವರು ಯಾವ ರಿಟ್ರೀಟಿಗೂ ಹೋದದ್ದನ್ನು ಕೇಳಿಲ್ಲ. ಭಾನುವಾರ ಮೊದಲ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಪವಿತ್ರ ಬಾಳು ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವ ಮೊದಲ ಮುಖ ಅವರದು.

ಬ್ಯಾಂಕಿನಲ್ಲಿ ಹೀಗೆಲ್ಲ ನಡೆಯುವುದಿಲ್ಲ ಎನ್ನಬೇಡಿ. ಬ್ಯಾಂಕುಗಳ ತವರಿನಲ್ಲಿ ಕೂತು ಆ ಮಾತು ಆಡಬಾರದು. 1928ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆಯವರು ಪಿಗ್ಮಿ ಠೇವಣಿ ಶುರುಮಾಡಿದಾಗ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿದರು. ನೇಕಾರನ, ಮೀನು ಮಾರುವವಳ ಎರಡಾಣೆ. ಕೊಟ್ಟವರಿಗೆ ಬಡ್ಡಿಯ ಲೆಕ್ಕ ತಿಳಿಯುತ್ತಿರಲಿಲ್ಲ, ಬಾಗಿಲಿಗೆ ಬಂದವನ ಮುಖ ತಿಳಿಯುತ್ತಿತ್ತು. 1912ರಲ್ಲಿ ಮಂಗಳೂರಿನ ಕ್ಯಾಥೊಲಿಕರು ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿದರು. ಈ ಜಿಲ್ಲೆಗಳ ಬ್ಯಾಂಕುಗಳು ಬೆಳೆದದ್ದು ಆ ನಂಬಿಕೆಯ ಮೇಲೆ. ಇವತ್ತು ಅದೇ ನಂಬಿಕೆ ಹೊತ್ತು ಕೌಂಟರಿಗೆ ಬರುವ ಮುದುಕರಿಗೆ ಎಂಥದ್ದನ್ನು ಮಾರಿ ಕಳಿಸುತ್ತಿದ್ದಾರೆ ಎಂದು ನೆನೆದರೆ ಸಿಟ್ಟು ಬರುತ್ತದೆ. ನಿಮ್ಮದು ಯಾವ ಬ್ಯಾಂಕು ಎಂದು ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಒಂದೇ ಕಡೆಯ ಕಥೆಯಲ್ಲ ಇದು.

ಆದ್ದರಿಂದ ಕೆಲಸ ಬಿಡಬೇಡಿ. ನೀವು ಬಿಟ್ಟರೆ ಆ ಕುರ್ಚಿಯಲ್ಲಿ ಮನಸ್ಸಿಗೆ ಸರಿ ಕಾಣುವುದಿಲ್ಲ ಎಂದು ಬರೆಯುವವರೂ ಇರುವುದಿಲ್ಲ. ಶಂಕರಪುರದ ಆ ಹೆಂಗಸಿನ ಕಾಗದ ತೆಗೆದು ನೋಡಿ. 2024ರ ವಿಮಾ ಪ್ರಾಧಿಕಾರದ ನಿಯಮದ ಪ್ರಕಾರ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಅದನ್ನು ಹಿಂದಿರುಗಿಸಿ ಹಣ ವಾಪಸು ಕೇಳಬಹುದು. ಸಣ್ಣಪುಟ್ಟ ಖರ್ಚು ಕಳೆದು ಉಳಿದದ್ದು ಬರುತ್ತದೆ. ದಿನ ದಾಟಿದ್ದರೂ ಸುಮ್ಮನಿರಬೇಡಿ. ವಿಮೆ ಕಂಪನಿಗೆ ದೂರು ಬರೆಯುವುದು ಹೇಗೆ ಎಂದು ಹೇಳಿಕೊಡಿ, ಅಲ್ಲಿ ಆಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಲು ದಾರಿಯಿದೆ. ಅವರ ಮನೆಗೆ ನೀವೇ ಹೋಗಿ, ತುಳುವಿನಲ್ಲೋ ಕೊಂಕಣಿಯಲ್ಲೋ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಟ್ಟೆ ಎಂಬ ಅಳತೆಯ ಲೆಕ್ಕದಲ್ಲಿ ಮಾರಿ ಕೂಡಿಸಿದ ದುಡ್ಡು ಅದು. ಮುಂದಿನವರಿಗೆ ಪಾಲಿಸಿ ತೋರಿಸುವಾಗ ಇದು ಠೇವಣಿಯಲ್ಲ, ಇಷ್ಟು ವರ್ಷ ಕಟ್ಟಬೇಕು ಎಂದು ಮೊದಲೇ ಹೇಳಿ. ಟಾರ್ಗೆಟ್ ತಪ್ಪೀತು, ಬಡ್ತಿ ತಡವಾದೀತು, ದೂರದ ಊರಿಗೆ ವರ್ಗವೂ ಆದೀತು. ಹಾಸಿಗೆ ಹಿಡಿದ ಅತ್ತೆಯನ್ನು ಇಟ್ಟುಕೊಂಡವರಿಗೆ ಅದು ಸಣ್ಣ ಮಾತಲ್ಲವೆಂದು ಬಲ್ಲೆ. ಶಿಲುಬೆ ಎಂದು ನಾವು ಹಾಡುವುದು ಇಂಥದ್ದನ್ನೇ.

ಆದರೆ ಇದನ್ನು ನಿಮ್ಮೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆಫೀಸಿನ ವಿಷಯ ಬೇರೆ ಎಂದು ನಿಮಗೆ ಕಲಿಸಿದವರು ನಾವು. ದೊಡ್ಡ ಮೊತ್ತ ಕೊಟ್ಟವರ ಹೆಸರನ್ನು ಇಗರ್ಜಿಯ ಕಲ್ಲಿನಲ್ಲಿ ಕೆತ್ತಿಸುತ್ತೇವೆ, ಆ ಹಣ ಹೇಗೆ ಬಂತೆಂದು ಕೇಳುವುದಿಲ್ಲ. ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆ, ಡಿಜೆಗೆ, ಹಬ್ಬದ ದೀಪಾಲಂಕಾರಕ್ಕೆ ಲಕ್ಷ ಸುರಿಯುವ ಮನೆಯಲ್ಲಿ ಪಾತ್ರೆ ತೊಳೆಯುವವಳು ಐನೂರು ಹೆಚ್ಚು ಕೇಳಿದರೆ ಚೌಕಾಸಿ ಶುರುವಾಗುತ್ತದೆ. ಒಡಿಶಾದಿಂದ, ಬಿಹಾರದಿಂದ ಬಂದ ಹುಡುಗರು ನಮ್ಮ ಸಭಾಭವನಗಳನ್ನು ಕಟ್ಟುತ್ತಾರೆ. ಉದ್ಘಾಟನೆಯ ದಿನ ಅವರಿಗೆ ಎಲೆ ಹಾಕಿದ್ದನ್ನು ನಾನು ಕಂಡದ್ದು ಕಡಿಮೆ. ಬೆಳಿಗ್ಗೆದ್ದು ಬೈಬಲ್ ವಚನ ಸ್ಟೇಟಸ್ ಹಾಕುವ ಮಕ್ಕಳು ದುಬೈಯಲ್ಲಿ ಕೂತು ಊರಿನ ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ಅಪ್ಪನನ್ನು ಸಿಸಿಟಿವಿಯಲ್ಲಿ ನೋಡುತ್ತಾರೆ. ಅವರ ಪಕ್ಕದಲ್ಲಿ ನಿಮ್ಮನ್ನು ನಿಲ್ಲಿಸಿದರೆ, ಅತ್ತೆಯ ಮಲಮೂತ್ರ ಎತ್ತುವ ನೀವು, ನನ್ನಂಥವಳಿಗೆ ಸಾಧ್ಯವೇ ಎಂದು ಕೇಳುತ್ತೀರಲ್ಲ! ಆ ಮಾತು ಇನ್ನೊಮ್ಮೆ ಬರೆಯಬೇಡಿ.

ಕಾರ್ಲೊ ಅಕುತಿಸ್‌ನ ಚಿತ್ರ ಈಗ ನಮ್ಮ ಶಾಲೆಗಳಲ್ಲಿ ಕಾಣುತ್ತದೆ. 2025ರ ಸೆಪ್ಟೆಂಬರ್ 7ರಂದು ಸಂತನೆಂದು ಸಾರಲ್ಪಟ್ಟ, ಹದಿನೈದನೆಯ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹುಡುಗ. ಒಳ್ಳೆಯದೇ ಆಯಿತು. ಅವನ ಜೀನ್ಸ್, ಅವನ ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ಹೇಳುತ್ತಾರೆ. ತನ್ನ ಕೈಖರ್ಚಿನ ಹಣದಲ್ಲಿ ಮಿಲಾನಿನ ಬೀದಿಯಲ್ಲಿ ಮಲಗುವವರಿಗೆ ಹೊದಿಕೆ ಕೊಂಡುಕೊಟ್ಟದ್ದನ್ನೂ, ಮನೆಗೆಲಸದವನನ್ನು ಗೆಳೆಯನಂತೆ ಕಂಡದ್ದನ್ನೂ ಹೇಳುವವರು ಬೇಕು. ನಿಮ್ಮ ಮಗಳಿಗೆ ನೀವೇ ಹೇಳಿ.

ನಾದಿನಿಯೋ ತಂಗಿಯೋ ಅತ್ತೆಯನ್ನು ಮೂರು ದಿನ ನೋಡಿಕೊಳ್ಳುವುದಾದರೆ ರಿಟ್ರೀಟಿಗೂ ಹೋಗಿಬನ್ನಿ. ನಿಮಗೆ ವಿಶ್ರಾಂತಿ ಬೇಕು.

ಈ ಪತ್ರಿಕೆ ಓದುವ ಪಾದ್ರಿಗಳು ಮಂಗಳೂರು ಧರ್ಮಪ್ರಾಂತದಲ್ಲೂ ಉಡುಪಿಯಲ್ಲೂ ಇದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಬರುವ ತಪಸ್ಸುಕಾಲದಲ್ಲಿ ಮಾಂಸ ಬಿಡುವ, ಮದ್ಯ ಬಿಡುವ ಮಾತು ಪ್ರತಿ ವರ್ಷದಂತೆ ಇರಲಿ. ಒಂದು ಭಾನುವಾರ ಮಾತ್ರ ಯಾಜಕಕಾಂಡದ 19ನೇ ಅಧ್ಯಾಯ ಪೂರ್ತಿ ಓದಿ, ಬ್ಯಾಂಕಿನವರಿಗೆ, ಕಂಟ್ರಾಕ್ಟರಿಗೆ, ಆಸ್ಪತ್ರೆ ನಡೆಸುವವರಿಗೆ, ಮನೆಗೆಲಸದವರನ್ನು ಇಟ್ಟುಕೊಂಡ ನಮಗೆಲ್ಲ ತಾಗುವ ಹಾಗೆ ಶೆರ್ಮಾಂವ್ (ಪೂಜೆಯ ಪ್ರವಚನ) ಹೇಳಿ. ಕೂಲಿಯ ಬಗ್ಗೆ, ತಕ್ಕಡಿಯ ಬಗ್ಗೆ, ಸಹಿ ಹಾಕಿಸಿಕೊಳ್ಳುವ ಕಾಗದದ ಬಗ್ಗೆ. ಎಲ್ಲಿ ನಡೆಯಿತೆಂದು ತಿಳಿಸಿದರೆ ಅದನ್ನು ಒಂದಕ್ಷರ ಬಿಡದೆ ಇಲ್ಲಿ ಅಚ್ಚು ಹಾಕುತ್ತೇನೆ.

— ಸಂಪಾದಕ